ಲೈಸೆನ್ಸ್ ಯಾರದು, ಜವಾಬ್ದಾರಿ ಯಾರದು?

ಅಕ್ಕಲಕೋಟ, ಜತ್ತ, ಸೊಲ್ಲಾಪುರ ಕಡೆಯಿಂದ ಓದಾಕ, ದುಡಿಯಾಕ ಪುಣೆ, ಮುಂಬೈಗೆ ಹೋಗೋರು ನಿಮ್ಮಲ್ಲಿ ಬಹಳ ಮಂದಿ ಅದೀರಿ. ಊರಾಗ ಎರಡು ಖೋಲಿ ಕಟ್ಟಿಸಿ ಬಾಡಿಗಿ ಕೊಟ್ಟ ಮನೆತನದವರೂ ಅದೀರಿ. ಇವತ್ತಿನ ಮಾತು ಇಬ್ಬರಿಗೂ ಸೇರಿದ್ದು.

ಓದುವಾಗ ನಾನು ಪುಣೆದಾಗ ಒಂದು ಖೋಲಿ ಹಿಡಿದಿದ್ದೆ. ಡಿಪಾಜಿಟ್ ಕೊಟ್ಟು ಕಾಗದ ಕೇಳಿದೆ. ಮಾಲೀಕರು, "ಕಾಗದ ಯಾಕೋ ತಮ್ಮಾ, ವಿಶ್ವಾಸ ಇಲ್ಲೇನು?" ಅಂದರು. ಸುಮ್ಮನಾದೆ. ಖೋಲಿ ಬಿಡುವಾಗ ಅರ್ಧ ರೊಕ್ಕಾನೂ ವಾಪಸ್ ಬರಲಿಲ್ಲ. ಕೈಯಾಗ ಕಾಗದ ಇಲ್ಲ, ಏನು ಕೇಳೋದು ಅಂತ ಗಂಟು ಕಟ್ಟಿಕೊಂಡು ಊರಿಗೆ ಬಂದೆ. ಕಾಯ್ದೆ ನನ್ನ ಕಡೆ ಇತ್ತು ಅನ್ನೋದು ತಿಳಿದದ್ದು ಆಮೇಲೆ.

ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮು ಓದಿರಿ. ಮನೆ ಬಾಡಿಗೆಗೆ ಕೊಟ್ಟರೆ ಕರಾರು ಬರವಣಿಗೆಯಲ್ಲಿ ಇರಬೇಕು, ನೋಂದಣಿ ಆಗಬೇಕು. ನೋಂದಣಿ ಮಾಡಿಸುವ ಜವಾಬ್ದಾರಿ ಮಾಲೀಕರದು. ಮಾಡಿಸದಿದ್ದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಷ್ಟೇ ಅಲ್ಲ, ನೋಂದಣಿಯಾದ ಕರಾರು ಇಲ್ಲದಿದ್ದರೆ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ ಮಾತೇ ನಿಲ್ಲುತ್ತದೆ. ಅದು ತಪ್ಪು ಅಂತ ಬೇರೆ ಪುರಾವೆ ಸಿಕ್ಕರೆ ಮಾತ್ರ ಬಿದ್ದುಹೋಗುತ್ತದೆ.

ಈ ಕರಾರಿಗೆ ನಮ್ಮಲ್ಲಿ 'ಲೀವ್ ಅಂಡ್ ಲೈಸೆನ್ಸ್' ಅಂತಾರ. ಇಲ್ಲಿ ಲೈಸೆನ್ಸ್ ಅಂದರೆ ಇರಲಿಕ್ಕೆ ಮಾಲೀಕರು ಕೊಡುವ ಪರವಾನಗಿ. ಬ್ರಿಟನ್ನಿನ ವೇಲ್ಸ್ ನಾಡಿನಲ್ಲಿ ಇದು ಉಲ್ಟಾ. ಅಲ್ಲಿ 2014ರ ಕಾಯ್ದೆ ಪ್ರಕಾರ ಬಾಡಿಗೆ ಕೊಡುವ ಮಾಲೀಕರು ಹೆಸರು ನೋಂದಾಯಿಸಬೇಕು. ಮನೆಯ ವ್ಯವಹಾರ ತಾವೇ ನೋಡಿಕೊಳ್ಳೋದಾದರೆ ತರಬೇತಿ ಪಡೆದು ಐದು ವರ್ಷದ ಲೈಸೆನ್ಸ್ ತಗೊಬೇಕು, ಇಲ್ಲಾಂದ್ರ ಲೈಸೆನ್ಸ್ ಇದ್ದ ಏಜೆಂಟರಿಗೆ ಒಪ್ಪಿಸಬೇಕು. ನಮ್ಮಲ್ಲಿ ಮಾಲೀಕರಿಗೆ ಅಂಥ ಪರೀಕ್ಷೆ ಇಲ್ಲ. ಹಂಗಾಗಿ ನಮಗೆ ಇರೋ ಆಸರೆ ಈ ಕರಾರು ಒಂದೇ.

ಎರಡು ತಪ್ಪು ತಿಳಿವಳಿಕೆ ಬಿಡ್ರಿ. ಸ್ಟಾಂಪ್ ಪೇಪರ್ ಮ್ಯಾಲೆ ನೋಟರಿ ಸಹಿ ಹಾಕಿಸಿದರೆ ನೋಂದಣಿ ಆದಂಗಲ್ಲ. ಪೊಲೀಸ್ ಠಾಣೆಗೆ ಬಾಡಿಗೆದಾರರ ಮಾಹಿತಿ ಕೊಟ್ಟರೂ ನೋಂದಣಿ ಆದಂಗಲ್ಲ. ನೋಂದಣಿಯನ್ನು ಈಗ ಆನ್‌ಲೈನ್‌ನಲ್ಲೇ ಮಾಡಿಸಬಹುದು. ಆಧಾರ್, ಫೋಟೊ, ಹೆಬ್ಬೆಟ್ಟು, ಇಬ್ಬರು ಸಾಕ್ಷಿ ಬೇಕು.

ಮನೆ ಕೊಟ್ಟ ಹಿರಿಯರು ಇದಕ್ಕ ಅಂಜಬೇಕಾಗಿಲ್ಲ. ಲೈಸೆನ್ಸ್ ಮುದತು ಮುಗಿದ ಮ್ಯಾಲೂ ಮನೆ ಬಿಡದವರಿಂದ ಇಮ್ಮಡಿ ದರದಲ್ಲಿ ನಷ್ಟ ವಸೂಲಿ ಮಾಡಲಿಕ್ಕೆ 24ನೇ ಕಲಮು ಐತಿ. ಕಾಗದ ಇಬ್ಬರನ್ನೂ ಕಾಯ್ತದ.

ಒಂದು ಮಾತು ಮಾತ್ರ ಮರೀಬ್ಯಾಡ್ರಿ. ಕರಾರು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರ್ತದ. ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಅಪ್ಪ, ಅವ್ವ ಅದರ ಮ್ಯಾಲೆ ಹೆಬ್ಬೆಟ್ಟು ಒತ್ತುವ ಮೊದಲು ನೀವು ಪಕ್ಕದಾಗ ಕುಂತು ಡಿಪಾಜಿಟ್ ಎಷ್ಟು, ಮುದತು ಎಷ್ಟು, ನೋಟಿಸು ಎಷ್ಟು ದಿನ ಅಂತ ಒಂದೊಂದು ಸಾಲೂ ಕನ್ನಡದಾಗ ಓದಿ ಹೇಳ್ರಿ. ಎರಡು ಭಾಷೆ ಬಲ್ಲ ನೀವು ಮನೆಗೆ ಮಾಡಬೇಕಾದ ಕೆಲಸ ಇದು.