ಬಿ.ಸಿ. ರೋಡಿನಿಂದ ಮುಂದಕ್ಕೆ

ಸಿಂಗಪುರದಲ್ಲಿ ಬಹುಕಾಲ ನೆಲೆಸಿರುವ ನನ್ನ ಸೋದರಳಿಯ ಕಳೆದ ಬೇಸಗೆಯಲ್ಲಿ ಊರಿಗೆ ಬಂದಿದ್ದಾಗ ಕೇಳಿದ: “ಮಾವ, ಕಾರಿಲ್ಲದವರು ಮೂಡುಬಿದಿರೆಯನ್ನೂ ವೇಣೂರನ್ನೂ ನೋಡಿ ಅದೇ ದಿನ ಧರ್ಮಸ್ಥಳ ಸೇರುವುದು ಹೇಗೆ?” ಅವನಿರುವ ಊರಿನಲ್ಲಿ 1987ರಿಂದ ಮೆಟ್ರೊ ರೈಲು ಓಡುತ್ತಿದೆ, ಒಂದೇ ಕಾರ್ಡು ತೋರಿಸಿ ರೈಲಿನಿಂದ ಬಸ್ಸಿಗೆ ಏರಬಹುದು. ಆ ಸಿರಿವಂತ ನಗರರಾಜ್ಯಕ್ಕೂ ನಮಗೂ ಹೋಲಿಕೆ ಸಲ್ಲದು. ನಮ್ಮ ಬೆಳ್ತಂಗಡಿ ತಾಲ್ಲೂಕೊಂದೇ ಆ ದೇಶಕ್ಕಿಂತ ವಿಸ್ತಾರವಾದುದು. ಆದರೂ ಪ್ರಶ್ನೆ ಪ್ರಶ್ನೆಯೇ. ಎಪ್ಪತ್ತು ದಾಟಿದ ಅಕ್ಕನನ್ನು ಕರೆದುಕೊಂಡು ನಾವು ಮೂವರೂ ಬಸ್ಸಿನಲ್ಲೇ ಹೊರಟೆವು.

ಮೂಡುಬಿದಿರೆಯವರೆಗೆ ಯಾವ ತೊಡಕೂ ಇಲ್ಲ. ಮಂಗಳೂರಿನಿಂದ ಬಸ್ಸಿನ ಹಿಂದೆ ಬಸ್ಸು. ಹದಿನೆಂಟು ಬಸದಿಗಳ ಊರು ಅದು. 1430ರ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲವೆನ್ನುವುದನ್ನು ಪರೀಕ್ಷಿಸಲು ಅಳಿಯ ಎಣಿಸುತ್ತ ಹೊರಟು, ಮೂವತ್ತಕ್ಕೇ ಸೋತ. ಧವಲಾದಿ ಸಿದ್ಧಾಂತಗ್ರಂಥಗಳ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದ ಊರೂ ಇದೇ. ಅರ್ಧ ದಿನವಾದರೂ ಇಲ್ಲಿಗೆ ಮೀಸಲಿಡಬೇಕು. ನಾವು ಇಟ್ಟೆವು, ತೊಂದರೆ ಅಲ್ಲಿಂದಲೇ ಶುರುವಾಯಿತು.

ವೇಣೂರಿನಲ್ಲಿ ಫಲ್ಗುಣಿಯ ದಡದ ಮೇಲೆ 1604ರಲ್ಲಿ ತಿಮ್ಮಣ್ಣ ಅಜಿಲರು ನಿಲ್ಲಿಸಿದ ಮೂವತ್ತೈದು ಅಡಿಯ ಬಾಹುಬಲಿ. 2012ರಲ್ಲಿ, ಮತ್ತೆ 2024ರಲ್ಲಿ ಮಹಾಮಸ್ತಕಾಭಿಷೇಕಕ್ಕೆ ಜನಸಾಗರವೇ ಹರಿದು ಬಂದ ಈ ಸ್ಥಳದಲ್ಲಿ ಅಂದು ನಾವು ಮೂವರೇ. ಆ ಮೌನ ಹಿತವಾಗಿತ್ತು. ಹೊರಗೆ ಬಂದು ರಸ್ತೆಬದಿಯಲ್ಲಿ ನಿಂತಾಗ ಅದೇ ಮೌನ ಭಾರವಾಯಿತು. ಗುರುವಾಯನಕೆರೆಗೆ ಬಸ್ಸು ಎಷ್ಟು ಹೊತ್ತಿಗೆ? ನಾವು ನಿಂತಲ್ಲಿ ಒಂದು ಫಲಕವಿಲ್ಲ. ಅಂಗಡಿಯವರು “ಈಗ ಬರುತ್ತದೆ” ಎಂದರು. ಅಕ್ಕನ ಮಂಡಿನೋವು ಕಂಡು ಬೆಂಚು ಹೊರಗೆ ಹಾಕಿಸಿದರು. ‘ಈಗ’ ಎಂಬುದು ಒಂದು ಗಂಟೆಯಾಯಿತು. ಬಂದದ್ದು ಖಾಸಗಿ ಬಸ್ಸು. 2023ರ ಜೂನಿನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿಲ್ಲ. ಅದಕ್ಕೆಂದೇ ಜೋಪಾನವಾಗಿ ತಂದಿದ್ದ ಗುರುತಿನ ಚೀಟಿಯನ್ನು ಅಕ್ಕ ಮತ್ತೆ ಸೆರಗಿನ ಗಂಟಿಗೆ ಸೇರಿಸಿದರು.

ಶ್ರೋತೃಗಳೇ, ನಾನು ಹೊಸ ಹೆದ್ದಾರಿಯನ್ನು ಕೇಳುತ್ತಿಲ್ಲ. ಮೂಡುಬಿದಿರೆ, ವೇಣೂರು, ಗುರುವಾಯನಕೆರೆ ಈ ಮೂರು ಕಡೆ ಮುಂದಿನ ಬಸ್ಸಿನ ಹೊತ್ತನ್ನೂ ಕೊನೆಯ ಬಸ್ಸಿನ ಹೊತ್ತನ್ನೂ ದಪ್ಪಕ್ಷರದಲ್ಲಿ ಬರೆದ ಒಂದೊಂದು ಹಲಗೆ, ಕುಳಿತುಕೊಳ್ಳಲು ನೆರಳು, ಹೆಂಗಸರಿಗೊಂದು ಶೌಚಾಲಯ: ಇಷ್ಟಾದರೆ ಸಾಕು. ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಡೆದ ಮೂವತ್ತೊಂಬತ್ತು ಅಡಿಯ ಏಕಶಿಲಾಮೂರ್ತಿಯನ್ನು 1973ರಲ್ಲಿ ಕಾರ್ಕಳದಿಂದ ಧರ್ಮಸ್ಥಳಕ್ಕೆ ರಸ್ತೆಯಲ್ಲೇ ಸಾಗಿಸಿದ ಜಿಲ್ಲೆ ಇದು. ಅಷ್ಟು ದೊಡ್ಡ ಕಲ್ಲಿಗೆ ದಾರಿ ಮಾಡಿಕೊಟ್ಟವರಿಗೆ ಒಂದು ಹಲಗೆ ನೆಡುವುದು ಕಷ್ಟವೇನಲ್ಲ.

ಧರ್ಮಸ್ಥಳ ಸೇರುವಾಗ ದೀಪ ಹೊತ್ತಿತ್ತು. ರಾತ್ರಿ ಅಲ್ಲಿಯೇ ತಂಗಿದೆವು. ಮರುದಿನ ಮರಳುವಾಗ ಅಕ್ಕನಿಗೆ ಕಾರಿಂಜೇಶ್ವರನ ದರ್ಶನದ ಆಸೆ. ವಗ್ಗದಲ್ಲಿ ಇಳಿದರೆ ಮುಂದೆ ಗುಡ್ಡದ ಬುಡದವರೆಗೆ ಯಾವ ವಾಹನ ಸಿಕ್ಕೀತು, ಸಿಕ್ಕರೂ ಹಿಂತಿರುಗುವುದು ಹೇಗೆ ಎಂದು ನಾನೂ ಅಳಿಯನೂ ಮುಖ ಮುಖ ನೋಡಿಕೊಂಡೆವು. ಅಕ್ಕನಿಗೆ ಅರ್ಥವಾಯಿತು. ಬಸ್ಸು ವಗ್ಗದಲ್ಲಿ ನಿಂತಾಗ ಕಿಟಕಿಯ ಕಡೆ ತಿರುಗಿ, ಕುಳಿತಲ್ಲಿಂದಲೇ ಕೈಮುಗಿದರು. ಬಸ್ಸು ಬಿ.ಸಿ. ರೋಡಿಗೆ ಹೊರಟಿತು.