ಮಗ್ದಲದ ಮರಿಯಳ ಮನೆಯಲ್ಲಿ ಮೌನ



ಲೆಂಟ್ ಬಗ್ಗೆ ಮಾತಾಡಿ ಎಂದು ಕೇಳಿದ್ದೀರಿ. ನಮ್ಮ ಕಡೆ ಕಥೋಲಿಕರು ಇದನ್ನು ತಪಸ್ಸುಕಾಲ ಅನ್ನುತ್ತಾರೆ. ಬೂದಿ ಬುಧವಾರದಿಂದ ಈಸ್ಟರ್‌ನ ಹಿಂದಿನ ದಿನದವರೆಗೆ ಲೆಕ್ಕ ಹಾಕಿದರೆ 46 ದಿನ ಆಗುತ್ತದೆ. ಭಾನುವಾರಗಳನ್ನು ಬಿಟ್ಟರೆ 40. ಯೇಸು ಅಡವಿಯಲ್ಲಿ ಉಪವಾಸವಿದ್ದ ದಿನಗಳ ನೆನಪು ಅದು. ಇಲ್ಲಿನ ಸಿರಿಯನ್ ಕ್ರೈಸ್ತರಲ್ಲಿ ಹಲವರು ಸೋಮವಾರವೇ ಶುರುಮಾಡಿ ಐವತ್ತು ನೋಂಬು ಹಿಡಿಯುತ್ತಾರೆ. ಮೀನು, ಮಾಂಸ ಒಲೆ ಹತ್ತಿರ ಬರುವುದಿಲ್ಲ. ಮೀನಿಲ್ಲದ ಊಟ ಊಟವೇ ಅಲ್ಲ ಅನ್ನುವ ಕೇರಳದಲ್ಲಿ ಇದು ಸಣ್ಣ ಮಾತಲ್ಲ.

ಊಟ ಬಿಡುವುದು ಎಲ್ಲರಿಗೂ ಕಾಣುತ್ತದೆ. ನಾನು ಹೇಳಬೇಕೆಂದಿರುವುದು ಕಾಣದ ಇನ್ನೊಂದರ ಬಗ್ಗೆ, ಮೌನವಾಗಿ ಕೂರುವುದರ ಬಗ್ಗೆ.

ಹುಬ್ಬಳ್ಳಿಯಲ್ಲಿ ನಮ್ಮ ತಾಯಿ ತೀರಿಕೊಂಡ ವರ್ಷ ನನಗೆ ಪ್ರಾರ್ಥನೆಯೇ ಬರಲಿಲ್ಲ. ಅವರು ದಿನಾ ರಾತ್ರಿ ಫೋನಿನಲ್ಲಿ ಕನ್ನಡದಲ್ಲಿ ಪ್ರಾರ್ಥನೆ ಹೇಳಿ ಫೋನ್ ಇಡುತ್ತಿದ್ದರು. ಅದು ನಿಂತುಹೋಯಿತು. ಇಲ್ಲಿನ ಚರ್ಚಿನಲ್ಲಿ ಆರಾಧನೆ ಮಲಯಾಳದಲ್ಲಿ. ಅರ್ಥವಾಗುತ್ತದೆ, ಸಂತೆಯಲ್ಲಿ ಜಗಳ ಆಡುವಷ್ಟು ಮಲಯಾಳ ನನಗೆ ಬರುತ್ತದೆ. ಆದರೆ ದುಃಖಕ್ಕೆ ಆ ಭಾಷೆ ಸಾಲಲಿಲ್ಲ. ಕನ್ನಡದಲ್ಲಿ ಶುರುಮಾಡಿದರೆ ತಾಯಿಯ ದನಿ ಕೇಳಿ ಗಂಟಲು ಕಟ್ಟುತ್ತಿತ್ತು. ದೇವರಿದ್ದಾನೋ ಇಲ್ಲವೋ ಎಂಬ ಪ್ರಶ್ನೆಯೂ ಬಂತು, ಮುಚ್ಚಿಡುವುದಿಲ್ಲ.

ಆ ಲೆಂಟಿನಲ್ಲಿ ಮಾತು ಬಿಟ್ಟು ಸುಮ್ಮನೆ ಕೂತೆ. ಬೆಳಗ್ಗೆ ಹಾಲು ಕಾಯಿಸುವ ಮುಂಚೆ ಕಾಲು ಗಂಟೆ. ಮಾರ್ಕನ ಸುವಾರ್ತೆಯಿಂದ ಕೆಲವು ವಚನ ಓದುವುದು, ಪುಸ್ತಕ ಮುಚ್ಚುವುದು, ಏನನ್ನೂ ಬೇಡದೆ ಇರುವುದು. ಮೊದಲ ವಾರ ತಲೆಯೊಳಗೆ ಬಂದದ್ದು ಗ್ಯಾಸ್ ಸಿಲಿಂಡರ್, ಮಗನ ಪರೀಕ್ಷೆ, ನೆನೆಹಾಕದ ಉದ್ದಿನಬೇಳೆ. ಬರಲಿ ಎಂದು ಬಿಟ್ಟೆ. ಓಡಿಸಲು ಹೋದರೆ ಅದೇ ಇನ್ನೊಂದು ಗದ್ದಲ.

ಕೋಣೆಗೆ ಹೋಗಿ ಬಾಗಿಲು ಮುಚ್ಚಿ ಪ್ರಾರ್ಥಿಸಿ ಎಂದು ಯೇಸು ಹೇಳಿದ್ದು ಮತ್ತಾಯನ ಸುವಾರ್ತೆಯಲ್ಲಿದೆ. ಮುಚ್ಚಲು ಬಾಗಿಲಿರುವ ಕೋಣೆ ಎಷ್ಟು ಹೆಂಗಸರಿಗಿದೆ? ಮೆಥಡಿಸ್ಟ್ ಸಭೆಗೆ ಕಾರಣನಾದ ಜಾನ್ ವೆಸ್ಲಿಯ ತಾಯಿ ಸುಸಾನಾ ಮಕ್ಕಳ ಗಲಾಟೆಯ ನಡುವೆ ಏಪ್ರನ್ನನ್ನೇ ತಲೆಗೆ ಹೊದ್ದು ಕೂರುತ್ತಿದ್ದಳಂತೆ. ಏಪ್ರನ್ ಮುಖದ ಮೇಲಿದ್ದರೆ ಮಕ್ಕಳು ಮಾತಾಡಿಸಬಾರದು. ನಮಗೆ ಸೆರಗಿದೆ, ದುಪಟ್ಟಾ ಇದೆ.

ಆ ದಿನಗಳಲ್ಲೇ ತುಂಬಕ್ಕೆ ಹೋದೆ. ನಮ್ಮ ತುಂಬೆ ಗಿಡವನ್ನೇ ಇವರು ತುಂಬ ಅನ್ನುವುದು. ಇಸ್ರೋದಲ್ಲಿ ದುಡಿಯುವ ನಮ್ಮವರಿಗೆ ಅಲ್ಲಿನ ಚರ್ಚ್ ಗೊತ್ತೇ ಇದೆ: ಸಂತ ಮೇರಿ ಮ್ಯಾಗ್ಡಲೀನ್, ಅಂದರೆ ಮಗ್ದಲದ ಮರಿಯಳ ಹೆಸರಿನದು. ಭೂಕಾಂತೀಯ ಸಮಭಾಜಕ ರೇಖೆ ಹತ್ತಿರ ಹಾದುಹೋಗುವುದರಿಂದ ವಿಕ್ರಮ್ ಸಾರಾಭಾಯಿ ಈ ಮೀನುಗಾರರ ಊರನ್ನು ಆರಿಸಿದರು. ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಭಾನುವಾರದ ಆರಾಧನೆಯಲ್ಲಿ ಜನರನ್ನೇ ಕೇಳಿದರು, ಅವರು ಆಮೆನ್ ಎಂದರು ಎಂದು ಅಬ್ದುಲ್ ಕಲಾಂ ಬರೆದಿದ್ದಾರೆ. 1963ರ ನವೆಂಬರ್ 21ರಂದು ಮೊದಲ ರಾಕೆಟ್ ಹಾರಿತು. ಚರ್ಚ್ ಕಚೇರಿಯಾಗಿ, ಕಾರ್ಯಾಗಾರವಾಗಿ, ಈಗ ಬಾಹ್ಯಾಕಾಶ ವಸ್ತುಸಂಗ್ರಹಾಲಯವಾಗಿದೆ. ಊರಿನವರು ಬೇರೆ ಕಡೆ ಹೋದರು, ಪಳ್ಳಿತ್ತುರದಲ್ಲಿ ಅದೇ ಸಂತಳ ಹೆಸರಿನ ಚರ್ಚ್ ಇದೆ.

ವಿಜ್ಞಾನಕ್ಕೆ ಧರ್ಮ ಕೈಜೋಡಿಸಿದ ಕಥೆ ಎಂದು ಇದನ್ನು ಹೇಳುತ್ತಾರೆ, ಅದು ಸರಿಯೇ. ಆದರೆ ರಾಕೆಟ್ ಮಾದರಿಗಳ ನಡುವೆ ನಿಂತಾಗ ನನಗೆ ಅಲ್ಲಿ ಮದುವೆಯಾದ, ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿದ ಹೆಂಗಸರೇ ನೆನಪಾದರು. ಆ ಆಮೆನ್ ಹೇಳುವುದು ಅವರಿಗೆ ಸುಲಭವಾಗಿತ್ತೆಂದು ನನಗೆ ಅನ್ನಿಸುವುದಿಲ್ಲ. ವಾರಕ್ಕೊಮ್ಮೆ ಮಂಡಿಯೂರುತ್ತಿದ್ದ ನೆಲ ಬಿಟ್ಟು ನಂಬಿಕೆಯನ್ನು ಮಾತ್ರ ಜೊತೆಗೆ ಹೊತ್ತುಕೊಂಡು ಹೊರಡುವುದು. ನಾವೂ ಒಂದು ಊರು ಬಿಟ್ಟು ಬಂದವರೇ ಅಲ್ಲವೇ?

ಮನೆಗೆ ಬಂದು ಯೋಹಾನನ 20ನೇ ಅಧ್ಯಾಯ ತೆಗೆದೆ. ಸಮಾಧಿ ಬರಿದಾಗಿದೆ. ಶಿಷ್ಯರಿಬ್ಬರು ಬಂದು ನೋಡಿ ಮನೆಗೆ ಹೋದರು. ಮರಿಯಳು ಹೋಗಲಿಲ್ಲ, ಅಳುತ್ತಾ ನಿಂತಳು. ಎದುರು ಬಂದವನನ್ನು ತೋಟದವನೆಂದುಕೊಂಡಳು. ಅವನು ಅವಳ ಹೆಸರು ಕರೆದ. ಅವಳು ತಿರುಗಿ ತನ್ನ ಜನರ ಭಾಷೆಯಲ್ಲೇ ಗುರುವೇ ಎಂದಳು. ಸುವಾರ್ತೆ ಗ್ರೀಕ್ ಭಾಷೆಯದಾದರೂ ಆ ಒಂದು ಪದವನ್ನು ಅವಳು ಹೇಳಿದ ಹಾಗೆಯೇ ಉಳಿಸಿ, ಆಮೇಲೆ ಅರ್ಥ ಕೊಟ್ಟಿದೆ. ಎಷ್ಟೋ ಸಲ ಓದಿದ್ದ ಭಾಗ; ಇದು ಕಣ್ಣಿಗೆ ಬಿದ್ದದ್ದು ಅವತ್ತೇ.

ಆ ವರ್ಷ ಪವಿತ್ರ ಗುರುವಾರ ಪಕ್ಕದ ಮನೆಯ ಚೇಚಿ ತಮ್ಮ ಮನೆಯ ಪೆಸಹಾ ಊಟಕ್ಕೆ ಕರೆದರು. ಗರಿಯ ಶಿಲುಬೆ ಇಟ್ಟು ಬೇಯಿಸಿದ ಹುಳಿಯಿಲ್ಲದ ಅಪ್ಪ, ತೆಂಗಿನಹಾಲು ಬೆಲ್ಲದ ಪಾಲು. ಮನೆಯ ಹಿರಿಯರು ಅಪ್ಪ ಮುರಿದು ಎಲ್ಲರಿಗೂ ಹಂಚಿದರು. ಮಲಯಾಳದ ಪ್ರಾರ್ಥನೆ ಮುಗಿದ ಮೇಲೆ ಚೇಚಿ ನನ್ನ ಕಡೆ ತಿರುಗಿ, ನಿಮ್ಮ ಭಾಷೆಯಲ್ಲಿ ಒಂದು ಹೇಳಿ ಅಂದರು. ತಾಯಿ ಫೋನಿನಲ್ಲಿ ಹೇಳುತ್ತಿದ್ದುದನ್ನೇ ಹೇಳಿದೆ. ಗಂಟಲು ಕಟ್ಟಿತು, ನಡುವೆ ಸ್ವಲ್ಪ ಹೊತ್ತು ನಿಲ್ಲಿಸಿದೆ. ಯಾರೂ ಅವಸರ ಮಾಡಲಿಲ್ಲ.