ಮನೆ ಕೊಳ್ಳುವ ಮುನ್ನ
(ಜುಮಾ ಖುತುಬಾದ ಸಾರಾಂಶ)

ಸತ್ಯವಿಶ್ವಾಸಿಗಳೇ, ಅಲ್ಲಾಹನನ್ನು ಭಯಪಟ್ಟು ಬಾಳಬೇಕೆಂದು ಮೊದಲು ನಮಗೂ ಆಮೇಲೆ ನಿಮಗೂ ಉಪದೇಶಿಸುತ್ತೇವೆ.

ತೊಕ್ಕೊಟ್ಟು, ದೇರಳಕಟ್ಟೆ, ಫರಂಗಿಪೇಟೆ, ಬಿ.ಸಿ.ರೋಡ್, ಸುರತ್ಕಲ್. ಮಂಗಳೂರಿನ ಸುತ್ತ ಎಲ್ಲಿ ಹೋದರೂ ಸೈಟು, ಫ್ಲ್ಯಾಟುಗಳ ಫಲಕ ಕಾಣುತ್ತದೆ. ಬಂದರು, ಕುದ್ರೋಳಿಗಳಲ್ಲಿ ಅಜ್ಜನ ಕಾಲದ ಮನೆ ಪಾಲಾದ ಮೇಲೆ ಎಷ್ಟೋ ಕುಟುಂಬಗಳು ಪೇಟೆಯ ಹೊರಗೆ ನೆಲೆ ಹುಡುಕುತ್ತಿವೆ. ಬೆಳಿಗ್ಗೆ ಬಸ್ಸು ಹಿಡಿದು ಸ್ಟೇಟ್‌ಬ್ಯಾಂಕಿಗೆ ಬರುವುದು, ರಾತ್ರಿ ಮರಳುವುದು. ಸ್ವಂತ ಮನೆಯ ಆಸೆ ತಪ್ಪಲ್ಲ. ವಿಶಾಲವಾದ ಮನೆಯನ್ನೂ ಒಳ್ಳೆಯ ನೆರೆಯವನನ್ನೂ ಪ್ರವಾದಿ(ಸ)ರು ಮನುಷ್ಯನ ಸೌಭಾಗ್ಯಗಳಲ್ಲಿ ಎಣಿಸಿದ್ದಾರೆ. ಆದರೆ ಆ ಮನೆ ಹಲಾಲ್ ಆಗಿರಬೇಕು, ಅದರಲ್ಲಿ ಇನ್ನೊಬ್ಬರ ಹಕ್ಕು ಸೇರಿರಬಾರದು.

ಪ್ರವಾದಿ(ಸ)ರು ಮದೀನಕ್ಕೆ ಬಂದಾಗ ಮಸೀದಿಗೆ ಆರಿಸಿದ ಜಾಗ ಸಹ್ಲ್ ಮತ್ತು ಸುಹೈಲ್ ಎಂಬ ಇಬ್ಬರು ಅನಾಥ ಬಾಲಕರದ್ದು. ಖರ್ಜೂರ ಒಣಗಿಸುತ್ತಿದ್ದ ಅಂಗಳ. ಅವರು ಉಚಿತವಾಗಿ ಕೊಡುತ್ತೇವೆಂದರೂ ಪ್ರವಾದಿ(ಸ)ರು ಒಪ್ಪದೆ ಕ್ರಯ ಕೊಟ್ಟೇ ಪಡೆದರು. ಅಲ್ಲಾಹನ ಮನೆಗೇ ಈ ಎಚ್ಚರ ಬೇಕಾಗಿದ್ದರೆ ನಮ್ಮ ಮನೆಗೆ ಬೇಡವೇ? ಇನ್ನೊಬ್ಬರ ಒಂದು ಗೇಣು ನೆಲವನ್ನು ಅನ್ಯಾಯವಾಗಿ ಕಬಳಿಸಿದವನ ಕೊರಳಿಗೆ ಅಂತ್ಯದಿನ ಏಳು ಭೂಮಿಗಳ ಭಾರ ಬೀಳುವುದೆಂದು ಹದೀಸ್ ಎಚ್ಚರಿಸುತ್ತದೆ.

ಆದ್ದರಿಂದ ಕಾಗದಪತ್ರ ನೋಡುವುದು ಬರೀ ವಕೀಲರ ಕೆಲಸವಲ್ಲ, ಅದು ಅಮಾನತ್‌ನ ಭಾಗ. ಪಹಣಿ ಯಾರ ಹೆಸರಲ್ಲಿದೆ, ಕೃಷಿಭೂಮಿ ಕನ್ವರ್ಷನ್ ಆಗಿದೆಯೇ, ಇ.ಸಿ.ಯಲ್ಲಿ ಸಾಲ ಕಾಣುತ್ತದೆಯೇ, ಪಂಚಾಯತಿನ 9 ಮತ್ತು 11 ಇದೆಯೇ ಎಂದು ವಿಚಾರಿಸಿ. ಬರೀ ಜಿ.ಪಿ.ಎ. ಬರೆಸಿಕೊಂಡರೆ ಜಾಗ ನಿಮ್ಮದಾಗುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲೇ ಸ್ಪಷ್ಟಪಡಿಸಿದೆ. ರೇರಾ ಕಾಯಿದೆಯಂತೆ ಕರಾರುಪತ್ರ ನೋಂದಣಿಯಾಗುವ ಮೊದಲು ಬಿಲ್ಡರ್ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಪರಿಶಿಷ್ಟರಿಗೆ ಸರಕಾರ ಮಂಜೂರು ಮಾಡಿದ ಭೂಮಿಯನ್ನು ಸರಕಾರದ ಅನುಮತಿಯಿಲ್ಲದೆ ಕೊಳ್ಳುವುದನ್ನು 1978ರ ಕಾಯಿದೆ ತಡೆಯುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಬಡವನ ನೆಲಕ್ಕೆ ಕೈಹಾಕಬೇಡಿ.

ಇನ್ನು ಮನೆ ಯಾರ ಹೆಸರಿನಲ್ಲಿ? ಹೆಚ್ಚಿನ ಮನೆಗಳು ಒಡೆಯುವುದು ಇಲ್ಲಿಯೇ. ಕೆಲವು ತಿಂಗಳ ಹಿಂದೆ ಇಬ್ಬರು ಅಣ್ಣತಮ್ಮಂದಿರು ನಮ್ಮ ಬಳಿ ಬಂದರು. ಅಣ್ಣ ಗಲ್ಫ್‌ನಲ್ಲಿ ವರ್ಷಗಟ್ಟಲೆ ದುಡಿದು ಹಣ ಕಳಿಸಿದ್ದರು, ತಂದೆ ತನ್ನ ಹೆಸರಿನಲ್ಲಿ ಜಾಗ ತೆಗೆದು ಮನೆ ಕಟ್ಟಿಸಿದ್ದರು. ತಂದೆ ತೀರಿಹೋದರು. ಈಗ ಅಣ್ಣ ಹೇಳುತ್ತಾರೆ, ಮನೆ ನನ್ನದು. ತಮ್ಮ ಹೇಳುತ್ತಾರೆ, ಬಾಪನ ಸೊತ್ತು, ನನಗೂ ಅಕ್ಕಂದಿರಿಗೂ ಪಾಲಿದೆ. ಹಣ ಕೊಟ್ಟದ್ದು ದಾನವೋ, ಸಾಲವೋ, ಅಮಾನತ್ತೋ ಎಂದು ನಾವು ಕೇಳಿದೆವು. ಯಾರ ಬಳಿಯೂ ಒಂದು ಚೀಟಿಯಿಲ್ಲ, ಸಾಕ್ಷಿಯಿಲ್ಲ. ದಾನವಾಗಿದ್ದರೆ ಅದು ಎಲ್ಲ ವಾರಸುದಾರರ ಸೊತ್ತು. ಅಮಾನತ್ ಆಗಿದ್ದರೆ ಅಣ್ಣನದ್ದು. ಉತ್ತರ ಗೊತ್ತಿದ್ದವರು ಕಬರಿನಲ್ಲಿದ್ದಾರೆ. ಒಂದೇ ತಟ್ಟೆಯಲ್ಲಿ ಉಂಡ ಅಣ್ಣತಮ್ಮಂದಿರು ಈದ್ ದಿನವೂ ಮಾತಾಡದೆ ಹೋದರು. ಕುರ್‌ಆನಿನ ಅತಿ ದೀರ್ಘ ಸೂಕ್ತ ಸಾಲವನ್ನು ಬರೆದಿಡುವುದರ ಕುರಿತದ್ದು. ನಾವು ಅದನ್ನು ಓದುತ್ತೇವೆ, ಬರೆಯುವುದಿಲ್ಲ. ಮನೆಯವರ ನಡುವೆ ಬರಹವೇಕೆ ಎಂದು ನಾಚಿಕೊಳ್ಳುತ್ತೇವೆ. ಮನೆಯವರ ಪ್ರೀತಿ ಉಳಿಯಬೇಕೆಂದೇ ಬರೆಯಬೇಕು.

ಹೆಂಡತಿಯ ಬಂಗಾರದ ಮಾತೂ ಹೀಗೆಯೇ. ಮಹ್ರ್ ಮತ್ತು ತವರಿನ ಬಂಗಾರ ಅವಳದ್ದು. ಮನಸಾರೆ ಕೊಟ್ಟರೆ ಮಾತ್ರ ನಿಮಗೆ ಹಲಾಲ್. ಸುಮ್ಮನಿದ್ದಾಳೆಂದರೆ ಒಪ್ಪಿದಳೆಂದು ಅರ್ಥವಲ್ಲ. ಅದನ್ನು ಮಾರಿ ಸೈಟು ತೆಗೆದರೆ ಕ್ರಯಪತ್ರದಲ್ಲಿ ಅವಳ ಹೆಸರೂ ಇರಲಿ. ಇಲ್ಲದಿದ್ದರೆ ಇಷ್ಟು ಪವನ್ ಸಾಲವೆಂದು ಬರೆದುಕೊಡಿ.

ಬಡ್ಡಿಯ ವಿಷಯ ನಿಮಗೆ ತಿಳಿದದ್ದೇ. ಲೆಕ್ಕವನ್ನೂ ನೋಡಿ: ಶೇಕಡಾ 8.5ರಂತೆ 20 ವರ್ಷಕ್ಕೆ 30 ಲಕ್ಷ ತೆಗೆದವನು ತಿಂಗಳಿಗೆ ಸುಮಾರು 26,000 ಕಟ್ಟುತ್ತಾ ಕೊನೆಗೆ 62 ಲಕ್ಷಕ್ಕೂ ಹೆಚ್ಚು ಕೊಡುತ್ತಾನೆ. ಹಾಗಾದರೆ ದಾರಿ? ಆಸೆಯನ್ನು ಸ್ವಲ್ಪ ತಗ್ಗಿಸಿ. ಮೊದಲು ಎರಡು ಕೋಣೆ ಕಟ್ಟಿ, ಮಹಡಿ ಆಮೇಲಾಗಲಿ. ಬೆಲೆಯನ್ನು ಮೊದಲೇ ನಿಗದಿಪಡಿಸಿ ಕಂತಿನಲ್ಲಿ ಕೊಳ್ಳುವುದು ಅನುವದನೀಯ. ತಡವಾದರೆ ಬಡ್ಡಿ ಎಂಬ ಷರತ್ತು ಇರಬಾರದು. ಮದುವೆಗೆ ಲಕ್ಷ ಲಕ್ಷ ಸುರಿಯುವ ನಾವು, ಅಣ್ಣನ ಮಗನ ಮನೆಗೆ ಬಡ್ಡಿಯಿಲ್ಲದ ಸಾಲ ಕೊಡಲು ಯಾಕೆ ಹಿಂಜರಿಯುತ್ತೇವೆ? ಪಡೆದವನೂ ಹೇಳಿದ ದಿನಕ್ಕೆ ಮರಳಿಸಲಿ. ಸಾಲ ಉಳಿಸಿ ತೀರಿಹೋದವನ ಜನಾಝ ನಮಾಝಿಗೆ ನಿಲ್ಲಲು ಪ್ರವಾದಿ(ಸ)ರು ಹಿಂದೆಗೆದಾಗ, ಅಬೂ ಖತಾದ(ರ) ಅದನ್ನು ತಾವು ತೀರಿಸುವೆನೆಂದು ಹೊಣೆ ಹೊತ್ತ ಮೇಲೆಯೇ ನಮಾಝ್ ನಡೆಯಿತು.

ಕೊನೆಯದಾಗಿ, ದೂರ. ಬನೂ ಸಲಿಮದವರು ದೂರದ ಮನೆ ಬಿಟ್ಟು ಮಸೀದಿಯ ಹತ್ತಿರ ಬರಲು ಬಯಸಿದಾಗ, ಇದ್ದಲ್ಲೇ ಇರಿ, ನಿಮ್ಮ ಹೆಜ್ಜೆಗಳು ಬರೆಯಲ್ಪಡುತ್ತವೆ ಎಂಬ ಅರ್ಥದಲ್ಲಿ ಪ್ರವಾದಿ(ಸ)ರು ಸಮಾಧಾನ ಹೇಳಿದರು. ದೂರ ಹೋದವರು ನಿರಾಶರಾಗಬೇಕಿಲ್ಲ. ಆದರೆ ಹೋಗುವ ಮೊದಲು ಅಲ್ಲಿನ ಜಮಾಅತ್‌ನವರನ್ನು ಕಂಡು ಮಾತಾಡಿ, ಮಕ್ಕಳ ಮದ್ರಸ ವಿಚಾರಿಸಿ. ಪಕ್ಕದ ಮನೆಯವರು ಯಾವ ಧರ್ಮದವರಾದರೂ ಮೊದಲ ವಾರವೇ ಪರಿಚಯ ಮಾಡಿಕೊಳ್ಳಿ; ನೆರೆಯವರ ಹಕ್ಕು ಅವರಿಗೂ ಇದೆ. ತಂದೆ ಹೊರಡುವಾಗ ಮಕ್ಕಳು ನಿದ್ದೆಯಲ್ಲಿ, ಮರಳುವಾಗಲೂ ನಿದ್ದೆಯಲ್ಲಿ ಎಂದಾದರೆ ಆ ಮನೆ ಯಾರಿಗಾಗಿ? ಮನೆಯನ್ನು ಅಲ್ಲಾಹನು ನೆಮ್ಮದಿಯ ತಾಣವಾಗಿ ಕೊಟ್ಟಿದ್ದಾನೆ. ವಾರದಲ್ಲಿ ಕೆಲವು ರಾತ್ರಿಯಾದರೂ ಒಟ್ಟಿಗೆ ಕುಳಿತು ಉಣ್ಣಿರಿ.

ಅಲ್ಲಾಹನು ಮನೆಯಿಲ್ಲದವರಿಗೆ ಹಲಾಲ್ ಆದ ಮನೆಯನ್ನು ದಯಪಾಲಿಸಲಿ, ಸಾಲದಲ್ಲಿರುವವರ ಭಾರ ಇಳಿಸಲಿ, ಮುನಿದ ಅಣ್ಣತಮ್ಮಂದಿರನ್ನು ಒಂದುಗೂಡಿಸಲಿ. ಆಮೀನ್.